ಕೊನೇಸ್ಟಾಪಣ್ಣನ ಹಾರ್ನು

ಸಮಸ್ತ ನಾಗರಿಕರ ಗಮನಕ್ಕೆ: ಹೆಣದ ವ್ಯಾನಿನ ಹಾರ್ನು ಕೆಟ್ಟಿದೆ. ಕೆಟ್ಟಿದೆ ಎಂದರೆ ಕೂಗುತ್ತಿಲ್ಲ ಎಂದಲ್ಲ. ಯಾರೂ ಒತ್ತದೆಯೇ ಕೂಗುತ್ತಿದೆ.

ವ್ಯಾನಿನ ಯಜಮಾನನನ್ನು ಬೀದಿಯವರು ಕರೆಯುವುದು ಕೊನೇಸ್ಟಾಪಣ್ಣ ಎಂದು. ಅವನು ಮನೆಯೊಳಗೆ ಹಲ್ಲುಜ್ಜುತ್ತಿದ್ದ, ಕೀಲಿ ಮೊಳೆಯಲ್ಲಿ ನೇತಾಡುತ್ತಿತ್ತು. ಹೊರಗೆ ವ್ಯಾನು ಪೇಂ ಎಂದಿತು. ಎದುರುಮನೆಯಲ್ಲಿ ಹಳೇ ರೇಡಿಯೋ ರಿಪೇರಿ ಮಾಡುವ ರೇಡಿಯೋ ಮಾವ ಬನಿಯನ್ನಿನಲ್ಲೇ ಓಡಿ ಬಂದರು.

"ನನ್ನ ಗೇಟಿನ ಮುಂದೆ ಯಾಕಯ್ಯಾ ಕರೀತಿದೆ? ನಾನಿನ್ನೂ ರೆಡಿಯಾಗಿಲ್ಲ!"

"ನಿಮ್ಮನ್ನಲ್ಲ ಮಾವ, ವೈರು ಬಿಟ್ಟಿರಬೇಕು. ಮಧ್ಯಾಹ್ನ ಗಾಡಿ ತಪಾಸಣೆ ಇದೆ. ಫೇಲಾದ್ರೆ ಆಸ್ಪತ್ರೆಯವರು ನಾಳೆಯಿಂದ ಬೇರೆ ವ್ಯಾನ್ ಕರೀತಾರೆ. ಅಲ್ಲಿಗೆ ನನ್ನ ಹೊಟ್ಟೆಪಾಡಿಗೂ ಕೊನೇ ಸ್ಟಾಪು."

ಬಾನೆಟ್ ಎತ್ತಿದರೆ ಹಾರ್ನಿನ ವೈರು ತುಂಡಾಗಿ ವ್ಯಾನಿನ ಮೈಗೆ ತಾಕುತ್ತಿತ್ತು. ಮಾವ ಕಾದ ಬೆಸುಗೆ ಕಡ್ಡಿ ತಂದು ಎರಡೂ ತುದಿ ಬೆಸೆದರು.

"ನನ್ನ ಬೆಸುಗೆ ಕಣಯ್ಯಾ. ನಿನ್ನ ಪ್ಯಾಸೆಂಜರ್ ಎದ್ರೂ ಇದು ಏಳಲ್ಲ."

ಅಷ್ಟರಲ್ಲಿ ಕೊನೇಸ್ಟಾಪಣ್ಣನ ಹೆಂಡತಿಯ ತಮ್ಮ ಬಂದ. ಬಸ್ ಡಿಪೋದಲ್ಲಿ ವೈರಿಂಗ್ ಕೆಲಸ, ಬಾಯಿ ಮಾತ್ರ ಇಡೀ ಡಿಪೋದ್ದು.

"ಕುಲುಕಾಡೋ ಗಾಡಿಗೆ ಬೆಸುಗೆನಾ ಭಾವ? ಬೆಸುಗೆ ಕುಡಿದ ತಂತಿ ಕಡ್ಡಿ ಥರ ಸೆಟೆದು, ಪಕ್ಕದಲ್ಲೇ ಪಟ್ ಅನ್ನತ್ತೆ. ಕ್ರಿಂಪ್ ಹಾಕ್ಬೇಕು. ತಗಡಿನ ಕೊಳವೇಲಿ ಎರಡೂ ತುದಿ ತೂರಿಸಿ ಕಿವಿ ಹಿಂಡಿದ್ರೆ ಮುಗೀತು."

ಹೇಳುತ್ತಲೇ ಬೆಸುಗೆಯನ್ನು ಕತ್ತರಿಸಿ ಎಸೆದ. ಆದರೆ ಕ್ರಿಂಪ್ ಹಿಂಡುವ ಇಕ್ಕಳ ಡಿಪೋದಲ್ಲಿತ್ತು. ಮೊಳೆ ಕೀಳುವ ಇಕ್ಕಳದಲ್ಲೇ ಅದುಮಿದ. ಮಾವ ಎರಡು ಬೆರಳಲ್ಲಿ ಎಳೆದರು. ವೈರು ಬೆಣ್ಣೆಯೊಳಗಿನ ಕೂದಲಿನಂತೆ ಈಚೆ ಬಂತು.

"ಇದು ಕಿವಿ ಹಿಂಡೋದೇನೋ? ಕಿವಿ ಸವರೋದು!"

ಮಾವ ತುದಿ ಕತ್ತರಿಸಿ ಬೆಸೆದರು. ತಮ್ಮ ಕತ್ತರಿಸಿ ಹಿಂಡಿದ. ಮಾವ ಮತ್ತೆ ಕತ್ತರಿಸಿದರು. ಹೀಗೆ ಒಬ್ಬರ ಪಾಂಡಿತ್ಯವನ್ನು ಇನ್ನೊಬ್ಬರು ಕತ್ತರಿಸುತ್ತ ಹೋಗಿ, ಕೊನೆಗೆ ಇಬ್ಬರೂ ಒಂದೊಂದು ತುದಿ ಹಿಡಿದು ಎಳೆದರೆ ತುದಿಗಳು ಸೇರಲೇ ಇಲ್ಲ. ನಡುವೆ ಒಂದು ಗೇಣು ಬರೀ ಗಾಳಿ.

ಆಗ ವ್ಯಾನು ಪೇಂ ಎಂದಿತು.

ತುದಿಗಳಿನ್ನೂ ಇಬ್ಬರ ಕೈಯಲ್ಲೇ ಇದ್ದವು. ಮಾವ ಕೈಯಲ್ಲಿದ್ದ ತುದಿಯನ್ನು ಹಾವಿನಂತೆ ಬಿಸಾಡಿ, ಮನೆಗೆ ಹೋಗಿ ಅಗುಳಿ ಹಾಕಿಕೊಂಡರು.

"ಅಂಗಡಿಗಳಿಗೆ ರಜೆ, ವೈರು ಸಿಗಲ್ಲ," ಎಂದ ಕೊನೇಸ್ಟಾಪಣ್ಣ ಅಳುದನಿಯಲ್ಲಿ.

"ಹೆದರಬೇಡಿ ಭಾವ. ನಾನು ಬಿಳಿ ಬಟ್ಟೆ ಹೊದ್ದು ಹಿಂದೆ ಸ್ಟ್ರೆಚರ್ ಮೇಲೆ ಮಲಗ್ತೀನಿ, ಕೈಯಲ್ಲಿ ಬ್ಯಾಟರಿ ಹಾರ್ನು. ನೀವು ಕೆಮ್ಮಿ ಗುಂಡಿ ಒತ್ತಿ, ನಾನು ಬಾರಿಸ್ತೀನಿ. ಗಾಡಿ ತಿರುಗಿಸಿ, ಅಷ್ಟರಲ್ಲಿ ಓಡಿಹೋಗಿ ಹಾರ್ನ್ ತಂದುಬಿಡ್ತೀನಿ."

ಕೊನೇಸ್ಟಾಪಣ್ಣ ಗಾಡಿ ತಿರುಗಿಸಿದ. ಹಿಂದಿನ ಬಾಗಿಲು ಧಡ್ ಎಂದು ಮುಚ್ಚಿಕೊಂಡಿತು. ಕನ್ನಡಿಯಲ್ಲಿ ನೋಡಿದರೆ ಬಿಳಿ ಬಟ್ಟೆಯಡಿ ಉದ್ದಕ್ಕೆ ಮಲಗಿದ ಆಕಾರ. ಹೊರಟ.

ದಾರಿಯಲ್ಲಿ ಎಷ್ಟು ಮಾತಾಡಿಸಿದರೂ ಹಿಂದಿನಿಂದ ಉತ್ತರವಿಲ್ಲ. ಸುಡುಬಿಸಿಲಿನಲ್ಲೂ ಗಾಜು ಒಳಗಿನಿಂದ ಮಂಜಾಗುತ್ತಿತ್ತು. 'ಭಲೇ, ಪಾತ್ರದಲ್ಲಿ ಮುಳುಗಿಬಿಟ್ಟಿದ್ದಾನೆ' ಎಂದುಕೊಂಡ.

"ಹಾರ್ನ್ ಹೊಡಿ," ಎಂದರು ತಪಾಸಣೆಯ ಇನ್ಸ್‌ಪೆಕ್ಟರು.

ಕೆಮ್ಮಿ ಒತ್ತಿದ. ಪೇಂ!

"ಭೇಷ್. ಎಲ್ಲಾ ಸರಿಯಿದೆ." ಪಾಸಿನ ಸೀಲು ಎತ್ತಿದವರು ಹಿಂದಿನ ಕಿಟಕಿಯಲ್ಲಿ ಇಣುಕಿದರು. "ಏನಯ್ಯಾ ಇದು, ಲೋಡ್ ತಂದಿದ್ದೀಯಾ? ತಪಾಸಣೆಗೆ ಗಾಡಿ ಖಾಲಿ ಇರಬೇಕು, ನಿಯಮ!"

"ಅಯ್ಯೋ ಸ್ವಾಮಿ, ಅದು ಹೆಣ ಅಲ್ಲ, ನನ್ನ ಹೆಂಡ್ತಿ ತಮ್ಮ!"

"ಉಸಿರಾಡಿದ್ರೂ ಲೋಡ್ ಲೋಡೇ. ಈಗಲೇ ಇಳಿಸು, ಇಲ್ಲಾಂದ್ರೆ ಫೇಲು."

ಕೊನೇಸ್ಟಾಪಣ್ಣ ನೆಮ್ಮದಿಯಿಂದ ಹಿಂದಿನ ಬಾಗಿಲ ಹಿಡಿಗೆ ಕೈಹಾಕಿದ. ಆಗ ಗೇಟಿನಲ್ಲಿ ಸೈಕಲ್ಲೊಂದು ಕಿರ್ರೆಂದು ನಿಂತಿತು. ಬ್ಯಾಟರಿ ಹಾರ್ನು ಕಂಕುಳಲ್ಲಿಟ್ಟುಕೊಂಡು ಹೆಂಡತಿಯ ತಮ್ಮ ಏದುಸಿರು ಬಿಡುತ್ತಿದ್ದ.

"ನನ್ನ ಬಿಟ್ಟೇ ಹೊರಟುಬಿಟ್ರಲ್ಲ ಭಾವ!"

ಹಿಡಿ ಮಂಜುಗಡ್ಡೆಯಂತೆ ಕೊರೆಯುತ್ತಿತ್ತು.

"ಇಳಿಸ್ತೀಯೋ ಇಲ್ವೋ?" ಎಂದರು ಇನ್ಸ್‌ಪೆಕ್ಟರು.

ವ್ಯಾನಿನೊಳಗೆ ಯಾರೋ ಮೆತ್ತಗೆ ಕೆಮ್ಮಿದರು.

ಕೊನೇಸ್ಟಾಪಣ್ಣ ಬಾಗಿಲಿಂದ ಕೈ ತೆಗೆದ. "ಫೇಲ್ ಮಾಡಿ ಸ್ವಾಮಿ."