ಬಯಲಾದ ಹರಳು

ಸುಣ್ಣ ಬಳಿಯುವವರು ಬಾರದೇ ಹೋಗಿದ್ದರೆ ಗುರುಸಿದ್ದಯ್ಯನ ಬಾಳು ಬಂಗಾರವಾಗುತ್ತಿತ್ತು. ಕಲ್ಕತ್ತದಿಂದ ದೊಡ್ಡ ವಿಜ್ಞಾನಿಯೊಬ್ಬರು ಬರುತ್ತಾರೆಂದು ಪ್ರೊಫೆಸರ್ ಗುರುಮಲ್ಲಪ್ಪನವರು ವಿಶ್ವವಿದ್ಯಾನಿಲಯದ ಲ್ಯಾಬಿಗೆಲ್ಲ ಸುಣ್ಣ ಹೊಡೆಸಲು ಹೊರಟರು.

"ಹರಳಿನ ಮೇಲೆ ಒಂದು ತೊಟ್ಟು ಸುಣ್ಣ ಬಿದ್ರೂ ನಿನ್ನ ಸುಮ್ನೆ ಬಿಡಲ್ಲ. ಮನೆಗೆ ತಗೊಂಡ್ಹೋಗಿ ಜೋಪಾನ ಮಾಡು. ಸೋಮವಾರ ಮಧ್ಯಾಹ್ನ ಅವರ ಮುಂದೆ ತಂದಿಡು" ಎಂದು ಲ್ಯಾಬಿನ ಸಹಾಯಕ ಗುರುಸಿದ್ದಯ್ಯನಿಗೆ ಹೇಳಿದರು.

ಹರಳೆಂದರೆ ಅಂಥಿಂಥದಲ್ಲ. ಒಂದು ಜಾತಿಯ ಉಪ್ಪನ್ನು ನೀರಿನಲ್ಲಿ ಕರಗಿಸಿ, ಸಾಸಿವೆಯಷ್ಟು ಚೂರನ್ನು ದಾರಕ್ಕೆ ಕಟ್ಟಿ ಅದರಲ್ಲಿ ಇಳಿಬಿಟ್ಟು, ಯುಗಾದಿಯಿಂದ ಕಾರ್ತಿಕದವರೆಗೆ ಬಸುರಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡು ಬೆಳೆಸಿದ್ದು. ಈಗ ಮಾವಿನಕಾಯಿ ಗಾತ್ರ, ಗಾಜಿನಷ್ಟು ತಿಳಿ. ಅದುಮಿದರೆ ಸಾಕು, ವಿದ್ಯುತ್ತು ಹುಟ್ಟುತ್ತಿತ್ತು. ಅದರ ಹತ್ತಿರ ಯಾರಾದರೂ ಸೀನಿದರೂ ಗುರುಸಿದ್ದಯ್ಯ ಜಗಳಕ್ಕೆ ಹೋಗುತ್ತಿದ್ದ. ಹೋಗದೆ ಏನು ಮಾಡಿಯಾನು ಪಾಪ! ಕಲ್ಕತ್ತದವರು ಹರಳು ನೋಡಿ ತಲೆದೂಗಿದರೆ ಅವನ ಹಂಗಾಮಿ ಕೆಲಸ ಕಾಯಂ ಆಗುತ್ತಿತ್ತು. ಕೆಲಸ ಕಾಯಂ ಆದರೇನೇ ನಂಜನಗೂಡಿನ ಗಿರಿಜಾಂಬಾಳನ್ನು ಕೊಡುವುದಾಗಿ ಅವಳಪ್ಪ ಖಡಾಖಂಡಿತವಾಗಿ ಹೇಳಿದ್ದರು. ಹಂಗಾಮಿಗೆ ಹೆಣ್ಣು ಕೊಡುವ ವಂಶ ಅವರದಲ್ಲವಂತೆ.

ಕೃಷ್ಣಮೂರ್ತಿಪುರಂನ ವಠಾರದಲ್ಲಿ ಅವನದೊಂದು ಕೋಣೆ. ಇಲಿ, ಬೆಕ್ಕು ಎರಡೂ ಅಲ್ಲೇ ಸಂಸಾರ ಹೂಡಿದ್ದವು. ಅವಕ್ಕೆ ಎಟುಕದಿರಲೆಂದು ಹರಳನ್ನು ದೇವರ ಗೂಡಿನಲ್ಲಿ ಹತ್ತಿಯ ಮೇಲಿಟ್ಟು, ಬೀಗದಕೈಯನ್ನು ಎಂದಿನಂತೆ ವಠಾರದ ಯಜಮಾನಿ ದಾಕ್ಷಾಯಣಮ್ಮನ ಕೈಗೆ ಕೊಟ್ಟು, ಸೋಮವಾರ ಬೆಳಿಗ್ಗೆ ಲ್ಯಾಬು ಒಪ್ಪ ಮಾಡಲು ಹೋದ.

ಮಧ್ಯಾಹ್ನ ಹರಳು ಒಯ್ಯಲು ಬಂದರೆ ಕೋಣೆ ತುಂಬ ಜನ, ಗಂಟೆ, ಧೂಪ.

"ಅಯ್ಯೋ ಕಳ್ಳ! ಮನೇಲಿ ಸ್ಫಟಿಕಲಿಂಗ ಇಟ್ಕೊಂಡು ನಮಗೊಂದು ಮಾತೂ ಹೇಳ್ಲಿಲ್ವಲ್ಲೋ!" ಎಂದರು ದಾಕ್ಷಾಯಣಮ್ಮ. "ಕಾರ್ತಿಕ ಸೋಮವಾರ, ಒಂದು ದೀಪ ಹಚ್ಚೋಣ ಅಂತ ಬಂದ್ರೆ ಹತ್ತಿ ಮೇಲೆ ಥಳಥಳ ಅಂತ ಕೂತವ್ನೆ ಶಿವ! ಒಂದು ಬಿಲ್ವಪತ್ರೆ ಇಲ್ಲ, ಒಂದು ತೊಟ್ಟು ನೀರಿಲ್ಲ. ಕರುಳು ಚುರುಕ್ ಅಂತು ಕಣಪ್ಪ. ಎಲ್ರನ್ನೂ ಕರೆದು ಅಭಿಷೇಕ ಮಾಡಿಸ್ಬುಟ್ಟೆ. ಚಳಿ ನೋಡು, ಬಿಸಿನೀರೇ ಹಾಕಿದ್ವಿ."

"ಬಿಸಿನೀರಾ!" ಗುರುಸಿದ್ದಯ್ಯ ಜನರನ್ನು ತಳ್ಳಿಕೊಂಡು ಗೂಡಿನತ್ತ ನುಗ್ಗಿದ. "ಎಲ್ಲಮ್ಮಾ ಅದು?"

"ಅದು ಅನ್ಬೇಡ, ಬಿಡ್ತು ಅನ್ನು! ನಮ್ಮ ಕಣ್ಮುಂದೇನೇ ಕರಗಿ ಕರಗಿ ಬಯಲಾದ! ಯಾರಿಗುಂಟು ಯಾರಿಗಿಲ್ಲ ಇಂಥ ಪುಣ್ಯ!"

"ಆ ನೀರು?"

"ತೀರ್ಥ ಅನ್ನು. ಒಬ್ಬೊಬ್ರೂ ಲೋಟದ ತುಂಬ ಕುಡಿದ್ವಿ. ಯಾಕೋ ಸ್ವಲ್ಪ ಉಪ್ಪುಪ್ಪು."

ಗುರುಸಿದ್ದಯ್ಯ ಹಣೆ ಹಣೆ ಚಚ್ಚಿಕೊಂಡ. ಆ ಉಪ್ಪನ್ನು ಡಾಕ್ಟರುಗಳು ಭೇದಿಗೆ ಕೊಡುತ್ತಾರೆಂಬುದು ಅವನೊಬ್ಬನಿಗೇ ಗೊತ್ತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎದುರು ಮನೆಯ ಚಾಮಯ್ಯ ಪಂಚೆ ಎತ್ತಿಕಟ್ಟಿ ಹಿತ್ತಲಿಗೆ ಓಡಿದ. ವಠಾರಕ್ಕೆಲ್ಲ ಇದ್ದದ್ದು ಒಂದೇ ಪಾಯಿಖಾನೆ. ಅದರ ಮುಂದೆ ಆಗಲೇ ರೇಷನ್ ಅಂಗಡಿಯ ಸಾಲು ನಿಂತಿತ್ತು.

"ಪಾಪ ತೊಳೀತಾ ಇದೆ ಕಣೋ" ಎಂದರು ದಾಕ್ಷಾಯಣಮ್ಮ, ಹೊಟ್ಟೆ ಹಿಡಿದುಕೊಂಡು. "ನಿನ್ನನ್ನೂ ಮರೀಲಿಲ್ಲಪ್ಪ. ಆಗಲೇ ಒಂದು ಚೊಂಬು ತೀರ್ಥ ನಿಮ್ಮ ಪ್ರೊಫೆಸರ ಮನೆಗೆ ಕಳಿಸ್ದೆ. ಅದ್ಯಾರೋ ದೊಡ್ಡೋರು ಅಲ್ಲೇ ಇಳ್ಕೊಂಡವ್ರಂತಲ್ಲ, ಅವರೂ ಕುಡೀಲಿ, ನಿನ್ನ ಕೆಲಸ ಕಾಯಂ ಆಗ್ಲಿ ಅಂತ."

ಗುರುಸಿದ್ದಯ್ಯ ಸೈಕಲ್ ಹತ್ತಿದವನು ಹಿಂದೆ ನೋಡಲಿಲ್ಲ. ಶನಿ ಹೆಗಲೇರಿದರೆ ಕೇಳಬೇಕೆ, ಚಾಮರಾಜಪುರಂ ರೈಲ್ವೆ ಗೇಟು ಹಾಕಿತ್ತು. ಗೂಡ್ಸು ಗಾಡಿ ಮಾವನ ಮನೆಗೆ ಬಂದ ಅಳಿಯನ ಹಾಗೆ ಕದಲದೆ ನಿಂತಿತ್ತು. ಅವನು ಸೈಕಲ್ಲನ್ನು ಹೆಗಲ ಮೇಲೆ ಹೊತ್ತು, ಗೇಟು ನುಸುಳಿ, ಷರಟು ಹರಿದುಕೊಂಡು ಸರಸ್ವತಿಪುರಂ ಮುಟ್ಟಿದ.

ಪ್ರೊಫೆಸರು ಜಗಲಿಯಲ್ಲಿ ಶತಪಥ ಹಾಕುತ್ತಿದ್ದರು.

"ಬಂದ್ಯಾ! ಮಾನ ಹೋಯ್ತು ಕಣಯ್ಯ! ಯಾರೋ ತೀರ್ಥ ಅಂತ ಬಾಗಿಲಲ್ಲಿ ಕೊಟ್ಟುಹೋಗಿದಾರೆ. ಅತಿಥಿಗಳು ಭಕ್ತಿಯಿಂದ ಎರಡು ಲೋಟ ಕುಡಿದರು. ಆಮೇಲೆ ಒಳಗೆ ಹೋದದ್ದು ಐದು ಸಲ, ಹೊರಗೆ ಬಂದದ್ದು ನಾಲ್ಕು ಸಲ! ಲ್ಯಾಬಿಗೆ ಕಾಲಿಡಲ್ಲ, ಹರಳೂ ಬೇಡ ಗಿರಳೂ ಬೇಡ ಅಂತಿದಾರೆ."

ಗುರುಸಿದ್ದಯ್ಯನಿಗೆ ಹೋದ ಜೀವ ಬಂದಂತಾಯಿತು. ಹರಳು ಎಲ್ಲಿ ಎಂದು ಕೇಳುವವರೇ ಇಲ್ಲ! ಇನ್ನೊಂದು ಬೆಳೆಸಿಕೊಂಡರಾಯಿತು, ಗಿರಿಜಾಂಬಾ ಅಷ್ಟು ದಿನ ಕಾಯದೆ ಇರುತ್ತಾಳೆಯೇ? ಮನಸ್ಸಿನಲ್ಲೇ ದಾಕ್ಷಾಯಣಮ್ಮನ ಕಾಲಿಗೆ ಅಡ್ಡಬಿದ್ದ.

"ಆದರೂ ನಿನ್ನ ಕೈ ಬಿಡಲಿಲ್ಲ ಕಣೋ ನಾನು" ಎನ್ನುತ್ತ ಪ್ರೊಫೆಸರು ಒಳಗಿನಿಂದ ಹಿತ್ತಾಳೆ ಚೊಂಬು ತಂದು ಅವನ ಕೈಗಿಟ್ಟರು. "ಇನ್ನೂ ಅರ್ಧ ಇದೆ. ಹೊಟ್ಟೆಕಿಚ್ಚಿಗೆ ಯಾವನೋ ಇದರಲ್ಲಿ ಉಪ್ಪು ಬೆರೆಸಿದಾನೆ. ಉಪ್ಪಿನ ವಿಷಯದಲ್ಲಿ ನಮ್ಮ ಹುಡುಗನ್ನ ಮೀರಿಸೋರಿಲ್ಲ ಅಂದೆ. ಅತಿಥಿಗಳು ಬಚ್ಚಲಿಂದಲೇ ಒಪ್ಪಿದರು. ಇದರಲ್ಲಿ ಏನಿದೆ ಅಂತ ಪರೀಕ್ಷೆ ಮಾಡಿ, ಆ ಕಳ್ಳನ್ನ ಹಿಡ್ಕೊಡು. ಅವನನ್ನ ಪೊಲೀಸಿಗೆ ಕೊಟ್ಟ ದಿವಸವೇ ನಿನ್ನ ಕೆಲಸ ಕಾಯಂ!"

ಗುರುಸಿದ್ದಯ್ಯ ಚೊಂಬನ್ನು ನೋಡಿದ, ಪ್ರೊಫೆಸರ ಮುಖ ನೋಡಿದ.

"ಬೇಡಿ ಸಾರ್" ಎಂದ, ಚೊಂಬನ್ನು ಅವರ ಕೈಗೇ ಹಿಂದಿರುಗಿಸಿ. "ನನಗೆ ಹಂಗಾಮೀನೇ ಇರ್ಲಿ."