ಕೈ ಎತ್ತಲಾಗದವರು

ನಗಬಾರದ ಕಡೆಯೇ ನಗು ಬರುವಂಥದ್ದು ನಡೆಯುತ್ತಿರುತ್ತದೆ. ಹಾಸನದ ನನ್ನ ಕ್ಲಿನಿಕ್ಕಿನಲ್ಲಂತೂ ಇದು ತಪ್ಪಿದ್ದಲ್ಲ. ಭುಜದ ಕೀಲು ಬಿಗಿದುಕೊಂಡು ಕೈ ಮೇಲಕ್ಕೇಳದ ತೊಂದರೆಯೊಂದಿದೆ. ಫ್ರೋಜನ್ ಶೋಲ್ಡರ್ ಅಂತಾರೆ. ಸ್ಕ್ಯಾನಿಂಗ್ ಪರದೆಯಲ್ಲಿ ಕೀಲನ್ನು ನೋಡಿಕೊಂಡೇ ಸೂಜಿಯನ್ನು ಅಲ್ಲಿಗೆ ಒಯ್ದು ಔಷಧ ಬಿಡುವುದು ನನ್ನ ಕೆಲಸ. ಅದೇನೂ ದೊಡ್ಡದಲ್ಲ. ಅದರ ಹಿಂದೆ ಮುಂದೆ ನಡೆಯುವುದೇ ದೊಡ್ಡದು.

೧. ನೀರು

ಕಟ್ಟಾಯ ಕಡೆಯ ಯಜಮಾನರೊಬ್ಬರು ಬಂದಿದ್ದರು. ಹುರಿಮೀಸೆ, ಗಟ್ಟಿ ಆಳು. ಆದರೆ ಎಡಗೈ ಎದೆಮಟ್ಟಕ್ಕಿಂತ ಮೇಲೆ ಹೋಗದು. ಅಂಗಿಯನ್ನು ಹೆಂಡತಿಯೇ ತೊಡಿಸಬೇಕು. ಸ್ಕ್ಯಾನಿಂಗ್‌ನಲ್ಲಿ ನೋಡಿಕೊಂಡು ಇಂಜೆಕ್ಷನ್ ಕೊಡುತ್ತೇನೆಂದು ಹಿಂದಿನ ದಿನವೇ ತಿಳಿಸಿದ್ದೆ. ಮಲಗಿಸಿ ಭುಜಕ್ಕೆ ಜೆಲ್ ಹಚ್ಚುತ್ತಿದ್ದಂತೆ ಅವರು ಕಾಲು ಹೆಣೆದುಕೊಂಡು, ಹಲ್ಲು ಕಚ್ಚಿಕೊಂಡು ಒದ್ದಾಡತೊಡಗಿದರು. ಸೂಜಿಗೆ ಹೆದರಿದ್ದಾರೆ ಅಂದುಕೊಂಡು, ಮೊದಲು ಮರಗಟ್ಟಿಸುತ್ತೇನೆ, ಇರುವೆ ಕಚ್ಚಿದಷ್ಟೇ ಅಂತ ಸಮಾಧಾನ ಹೇಳಿದೆ.

“ಸೂಜಿಗಲ್ಲ ಸಾ,” ಅಂದರು. “ಬೆಳಗಿಂದ ನೀರು ಕುಡ್ದೂ ಕುಡ್ದೂ ತಡ್ಕಂಡಿವ್ನಿ. ಬಸುರಿ ಸೊಸೆಗೆ ಹೊಟ್ಟೆ ಸ್ಕ್ಯಾನಿಂಗ್ ಮಾಡ್ದಾಗ ಅಂಗೇ ಯೋಳಿದ್ರು.”

ಎಬ್ಬಿಸಿ ಟಾಯ್ಲೆಟ್ಟಿಗೆ ಕಳಿಸಿದೆ. ವಾಪಸ್ ಬಂದವರ ಮುಖದಲ್ಲಿ ನೆಮ್ಮದಿಯಿತ್ತು, ಜೊತೆಗೆ ಸ್ವಲ್ಪ ಅನುಮಾನ.

“ಎಲ್ಲಾ ಖಾಲಿಯಾಗೋಯ್ತು ಸಾ. ಈಗ ಭುಜ ಕಾಣ್ತದಾ?”

೨. ಜಡೆ

ಅರಕಲಗೂಡಿನ ಬಟ್ಟೆ ಅಂಗಡಿಯವರ ಹೆಂಡತಿಗೆ ಬಲಗೈ ತಲೆಯವರೆಗೆ ಹೋಗುತ್ತಿರಲಿಲ್ಲ. ಹಾಗಾಗಿ ತಲೆ ಬಾಚುವ ಕೆಲಸ ಗಂಡನ ಪಾಲಿಗೆ ಬಂದಿತ್ತು. ಮೊದಲ ಸಲ ನಾನು ಕಂಡಾಗ ಅವರು ಹಾಕಿದ್ದ ಜಡೆ ಬಾವಿಯ ಹಗ್ಗದಂತಿತ್ತು. ಇಂಜೆಕ್ಷನ್ ಆಗಿ ಕೆಲವು ವಾರದ ಮೇಲೆ ಇಬ್ಬರೂ ತೋರಿಸಲು ಬಂದಾಗ ಜಡೆ ಬಹಳ ಸುಧಾರಿಸಿತ್ತು. ಗಂಡ ಹೊರಗೆ ಫೋನಿನಲ್ಲಿದ್ದರು. ಆಕೆ ಬಾಗಿಲ ಕಡೆ ಒಮ್ಮೆ ನೋಡಿ, ಬಲಗೈಯನ್ನು ನೆಟ್ಟಗೆ ಮೇಲಕ್ಕೆತ್ತಿ, ತಕ್ಷಣ ಇಳಿಸಿದರು.

“ವಾಸಿಯಾಗೈತೆ ಡಾಕ್ಟ್ರೇ. ನಮ್ಮನೆಯವ್ರಿಗೆ ಹೇಳ್ಬ್ಯಾಡಿ. ಮದ್ವೆಯಾಗಿ ಇಷ್ಟು ವರ್ಷಕ್ಕೆ ಈಗ ದಿನಾ ಒಂದು ಗಳಿಗೆ ನನ್ನತ್ರ ಕೂತ್ಕತಾವ್ರೆ.”

ನಾನು ಹೂಂ ಅಂದೆ. ಆಕೆ ಹೊರಟ ಮೇಲೆ ಗಂಡ ಒಳಗೆ ಬಂದು ಬಾಗಿಲು ಮುಂದೆ ಮಾಡಿದರು. ಹೆಂಡತಿ ಅಟ್ಟದ ಮೇಲಿಂದ ಹಪ್ಪಳದ ಡಬ್ಬ ಇಳಿಸುವುದನ್ನು ಮೊನ್ನೆಯೇ ನೋಡಿದ್ದರಂತೆ.

“ನಾನು ನೋಡ್ದೆ ಅಂತ ಹೇಳ್ಬೇಡಿ ಡಾಕ್ಟ್ರೇ. ಈಗ್ತಾನೆ ನಾಕು ಕಾಲಿನ ಜಡೆ ಕಲ್ತಿದೀನಿ.”

೩. ಯಾವ ಕೈ

ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಹಾಲಿನ ಡೇರಿಗೆ ಅಧ್ಯಕ್ಷರ ಆಯ್ಕೆ ಆಗಬೇಕಿತ್ತು. ಪೈಪೋಟಿಗೆ ನಿಂತವರು ಇಬ್ಬರು. ನಿರ್ದೇಶಕರಾಗಿದ್ದ ನನ್ನ ಪೇಷೆಂಟಿಗೆ ಅವರಲ್ಲಿ ಒಬ್ಬರು ಅಕ್ಕನ ಗಂಡ, ಇನ್ನೊಬ್ಬರು ಹೆಂಡತಿಯ ತಮ್ಮ. ನಿರ್ದೇಶಕರೆಲ್ಲ ಸಭೆಯಲ್ಲಿ ಕೈ ಎತ್ತಿ ಆರಿಸಬೇಕು. ಯಾರು ಮನೆಗೆ ಬಂದರೂ ಇವರು ಬಲಭುಜ ತೋರಿಸಿ, ನನ್ನ ಕೈಯೇ ಏಳಲ್ಲ ಅಂತ ಕೊರಗುತ್ತಿದ್ದರು. ಕೊನೆಗೆ ಬಾವನೇ ಕಾರಿನಲ್ಲಿ ಕೂರಿಸಿಕೊಂಡು ಬಂದು ಇಂಜೆಕ್ಷನ್ ಮಾಡಿಸಿದರು.

ಕೈ ಚೆನ್ನಾಗಿ ಎದ್ದಿತು. ಕೈ ಎದ್ದದ್ದಕ್ಕೆ ಅಷ್ಟು ದುಃಖಪಟ್ಟ ಮನುಷ್ಯನನ್ನು ನಾನು ಬೇರೆ ನೋಡಿಲ್ಲ.

“ಸಭೆ ಮುಗಿಯೋಗಂಟ ಕೈ ಎತ್ಬಾರ್ದು ಅಂತ ಒಂದು ಚೀಟಿ ಬರ್ಕೊಡಿ ಸಾ,” ಅಂದರು. “ಇಲ್ದಿದ್ರೆ ಮನೇಲಿ ಅಕ್ಕ ಇಲ್ಲಾ ಎಂಡ್ತಿ, ಇಬ್ರಲ್ಲೊಬ್ರು ಮಾತು ಬಿಡ್ತಾರೆ.”

ವಾಸಿಯಾದ ಕೈಗೆ ಹಾಗೆ ಬರೆಯಲಾಗದು ಅಂದೆ. ಅವರು ಎದ್ದು ಹೋದರು.

ಸಭೆಯಲ್ಲಿ ಬಾವನ ಹೆಸರು ಕರೆದಾಗ ಬಲಗೈ ಎತ್ತಿದರಂತೆ. ಬಾಮೈದನ ಹೆಸರು ಕರೆದಾಗ ಎಡಗೈ. ಎರಡೂ ಕಡೆ ಕೈಗಳ ಲೆಕ್ಕ ಸಮ ಬಂದು, ಗಲಾಟೆಯಾಗಿ, ಸಭೆ ಇನ್ನೊಂದು ದಿನಕ್ಕೆ ಮುಂದಕ್ಕೆ ಹೋಯಿತು.

ಮಾರನೆಯ ದಿನ, ಅಷ್ಟು ದಿನ ಒಬ್ಬರ ಮುಖ ಒಬ್ಬರು ನೋಡದಿದ್ದ ಬಾವ ಬಾಮೈದ ಒಂದೇ ಕಾರಿನಲ್ಲಿ ನನ್ನ ಕ್ಲಿನಿಕ್ಕಿಗೆ ಬಂದರು. ಎದುರಿಗೆ ಅಕ್ಕಪಕ್ಕ ಕೂತರು. ನಡೆದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಬಾವ ಸ್ವಲ್ಪ ಮುಂದೆ ಬಾಗಿದರು.

“ಬಿಗಿದಿರೋ ಕೈ ಬಿಡ್ಸಾಕೆ ಇಂಜೆಕ್ಷನ್ ಐತೆ. ಚೆನ್ನಾಗಿರೋ ಕೈ ಬಿಗಿಯಾಕೂ ಒಂದು ಇರ್ಬೇಕಲ್ವಾ ಸಾ?”

ಯಾವ ಕೈಗೆ ಅಂತ ಕೇಳಿದೆ.

“ಎಡಗೈಗೆ,” ಅಂದರು ಬಾವ.

“ಬಲಗೈಗೆ,” ಅಂದರು ಬಾಮೈದ.