ಪೌಡರ್ ಹಾಕಿದ ಎಂಜಿನ್

ನನ್ನ ಸೋದರಮಾವ ದೆವ್ವಗಳನ್ನು ನಂಬುವುದಿಲ್ಲ. ಆದರೆ ನೆಲದ ಮೇಲೆ ಒಂದು ಹನಿ ಎಣ್ಣೆ ಕಂಡರೆ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ! ರಾಯದುರ್ಗದಾಚೆಯ ಬಯಲಿನಲ್ಲಿ ಒಂದು ತಗಡಿನ ಶೆಡ್ಡು. ಅದರೊಳಗೆ ಎರಡು ಸೀಟಿನ ಹಳೆಯ ವಿಮಾನ. ಅದರ ಎಂಜಿನ್ನಿಗೆ ಇವರೇ ವೈದ್ಯರು.

ಚಿಕಿತ್ಸೆ ಸರಳ. ಎಂಜಿನ್ನನ್ನು ತೊಳೆದು ಒಣಗಿಸಿ, ಅತ್ತೆಯ ಮುಖದ ಪೌಡರನ್ನು ಅದರ ಮೈತುಂಬ ಉದುರಿಸುವುದು. ಸೋರುವ ಎಣ್ಣೆ ಬಿಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ.

"ಹನಿ ಬಿದ್ದಲ್ಲಿ ಹುಡುಕಬ್ಯಾಡವ್ವ. ಗೆರಿ ಹಿಡದು ಮ್ಯಾಲೆ ನೋಡು" ಎನ್ನುವುದು ಮಾವನ ವೇದ.

ಮಡಕಶಿರದ ಅತ್ತೆಯದು ಬೇರೆ ವೇದ: "ನನ್ ಡಬ್ಬಿ ಮುಟ್ಟಿದ್ರೆ ನಿಮ್ ರೆಕ್ಕೆ ಮುರೀತೀನಿ ನೋಡ್ರಿ."

ನನ್ನನ್ನು ನೋಡಲು ಬಂದವರ ಕಾರು ಒಮ್ಮೆ ನಮ್ಮ ಅಂಗಳದಲ್ಲಿ ಒಂದು ಹನಿ ಉದುರಿಸಿತು. ವರನ ತಂದೆ ಉಪ್ಪಿಟ್ಟಿಗೆ ಕೈ ಹಾಕುವಷ್ಟರಲ್ಲಿ ಕಾರಿನಡಿಯಿಂದ ಪೌಡರ್ ಮೆತ್ತಿದ ಮಾವನ ಮುಖ ಮೇಲೆದ್ದಿತು. "ಹುಡುಗ ಛಲೋ ಅದಾನ್ರಿ. ಗ್ಯಾಸ್ಕೆಟ್ ಹೋಗೈತಿ." ಅವರು ಕಾಫಿಗೂ ನಿಲ್ಲಲಿಲ್ಲ. ನನಗೆ ಬೇಸರವಾಯಿತೋ ಇಲ್ಲವೋ, ಅದು ನನ್ನ ಸ್ವಂತ ವಿಷಯ.

ಈ ವರ್ಷ ಅತ್ತೆ ತೀರಿಕೊಂಡರು. ಮಾವ ಅಳಲಿಲ್ಲ. ಬಂದವರಿಗೆ ಕುರ್ಚಿ ಹಾಕಿದರು, ಚಹಾ ಕೊಟ್ಟರು, ಕೆಟಲಿನ ತಳ ಒರೆಸಿ ನೋಡಿದರು. ಐದನೆಯ ದಿನ ಶೆಡ್ಡಿಗೆ ಹೊರಟಾಗ ನಾನೂ ಹೋದೆ. ಕೆಲ ದಿನಗಳಿಂದ ಎಂಜಿನ್ ಓಡುವಾಗ ಒಣಗಿರುತ್ತಿತ್ತು. ಆದರೂ ಪ್ರತಿ ಬೆಳಿಗ್ಗೆ ಅದರಡಿ ಒಂದು ಹನಿ ಇರುತ್ತಿತ್ತು.

ಪೌಡರ್ ಹಾಕಿದೊಡನೆ ಶೆಡ್ಡಿನ ತುಂಬ ಅತ್ತೆಯ ವಾಸನೆ. ಎಂಜಿನ್ ಬಿಳಿಯ ಮುಖ ಹೊತ್ತು ನಮ್ಮನ್ನೇ ನೋಡುತ್ತಿತ್ತು. ಓಡಿಸಿದೆವು, ಒಂದು ಗೆರೆಯೂ ಮೂಡಲಿಲ್ಲ. ನಿಲ್ಲಿಸಿ ಕುಳಿತೆವು. ಆರುತ್ತಿದ್ದ ಲೋಹ ಟಿಕ್, ಟಿಕ್ ಎನ್ನುತ್ತಿತ್ತು, ಒಳಗಿನಿಂದ ಯಾರೋ ಉಗುರಿನಲ್ಲಿ ತಟ್ಟಿದಂತೆ. ಆಮೇಲೆ, ಯಾರೂ ಮುಟ್ಟದೆ, ಬಿಳಿಯ ಮೇಲೆ ಕಪ್ಪು ಗೆರೆಯೊಂದು ಮೆಲ್ಲನೆ ಇಳಿಯತೊಡಗಿತು. ನಾನು ಮಾವನ ಪಕ್ಕಕ್ಕೆ ಸರಿದೆ.

"ರಬ್ಬರ್ ಸೀಲು," ಎಂದರು ಮಾವ. "ಬಿಸಿ ಇದ್ದಾಗ ಬಿಗಿ ಹಿಡಿತೈತಿ. ಎಲ್ಲಾ ಆರಿದ ಮ್ಯಾಲೆ ಸೋರ್ತೈತಿ." ಆ ಮಧ್ಯಾಹ್ನವೇ ಹೊಸದು ಹಾಕಿದರು.

ಹತ್ತನೆಯ ದಿನ ಮಡಕಶಿರದಿಂದ ಅತ್ತೆಯ ತಾಯಿ ಬಂದರು. ದೀಪವಿಟ್ಟ ಕೋಣೆಯಲ್ಲಿ ಬೂದಿ ಹರಡಿ ಬಾಗಿಲು ಮುಚ್ಚುವುದು ಅವರ ರೂಢಿ. ಬೆಳಿಗ್ಗೆ ಗುರುತು ಮೂಡಿದ್ದರೆ, ಹೋದವರು ಒಮ್ಮೆ ಬಂದು ಸಮಾಧಾನದಿಂದ ಹೊರಟರೆಂದು ಅರ್ಥ.

"ಗುರುತು ಕಾಣ್ದೆ ನಾನು ಊರಿಗೆ ಹೆಂಗೋಗ್ಲಪ್ಪ?" ಎಂದರು ಅಜ್ಜಿ.

ಮಾವ ವಾದಿಸಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಪೌಡರನ್ನೆಲ್ಲ ತೆಳ್ಳಗೆ ಹರಡಿದರು. "ಬೂದಿಗಿಂತ ಇದರಾಗ ಚೆಂದ ಕಾಣ್ತೈತ್ರೆವ್ವ."

ಬೆಳಿಗ್ಗೆ ಬಾಗಿಲು ತೆರೆದಾಗ ಹೆಜ್ಜೆಗಳಿರಲಿಲ್ಲ. ಹೊಸ್ತಿಲಿನ ಹತ್ತಿರ ಮಾತ್ರ ಐದಾರು ದುಂಡನೆಯ ಚುಕ್ಕೆಗಳಿದ್ದವು.

"ಬಂದಿದ್ಲು ಕಣಮ್ಮ ನನ್ ಮಗಳು," ಅಜ್ಜಿ ಕೈಮುಗಿದರು. "ನೋಡ್ಕಂಡು ಹೋಗವ್ಳೆ."

ನಾನು ಬಗ್ಗಿ ನೋಡಿದೆ. ಆಮೇಲೆ, ಕಲಿತ ಪಾಠದಂತೆ, ಮೇಲೆ ನೋಡಿದೆ. ಹೊಸ್ತಿಲಲ್ಲಿ ಮಾವ ನಿಂತಿದ್ದರು. ಕಣ್ಣು ಊದಿಕೊಂಡಿತ್ತು.

"ಎಲ್ಲಿಂದ ಅಂತ ಗೊತ್ತಾತೇನವ್ವ?" ಮೆಲ್ಲಗೆ ಕೇಳಿದರು.

"ಇಲ್ಲ ಮಾವ" ಎಂದೆ.